ಕಪ್ಪಿನ ಮೇಲೆ ಹೊತ್ತಿಕೊಂಡ ಅಕ್ಷರ

ಕೊಡಗಿನ ಮೂರ್ನಾಡಿನ ಆ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾ ತೀರ್ಥಪ್ರಸಾದನದು, ಕಂಪ್ಯೂಟರ್ ಅವನ ಹೆಂಡತಿ ಕವನಾಳದು. ಅವನು ಮದುವೆ, ನಾಮಕರಣ ಎಂದು ಸುತ್ತುತ್ತಿದ್ದರೆ ಇವಳು ಆಲ್ಬಂ ಜೋಡಿಸಿ, ಬ್ಯಾನರ್ ಮಾಡಿಕೊಡುತ್ತಿದ್ದಳು. ಅಂಗಡಿಯ ಹಿಂಬಾಗಿಲು ತೆರೆದರೆ ಮನೆ. ಮಧ್ಯಾಹ್ನದ ಕಾಫಿ ಹಿಡಿದು ಆ ಬಾಗಿಲಿನಿಂದ ಬರುವವರು ಅತ್ತೆ ಪ್ರೇಮಾವತಿ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಗೋಡೆಯ ಮೇಲೆ.

ಒಂದು ಕಾಲದಲ್ಲಿ ಆಕೆ ಅಂಗಡಿಯಿಂದ ಬಂದ ಪೊಟ್ಟಣದ ಕಾಗದವನ್ನೂ ಬಿಡಿಸಿ ಓದದೆ ಎಸೆದವರಲ್ಲ. ಆಮೇಲೆ ನೋಟದ ನಡುವೆ ಹೊಗೆ ಕೂತಿತು. ಅಂಚಿನಲ್ಲಿ ಉಳಿದ ನೋಟ ಉಳಿದೀತು, ಕನ್ನಡಕದಿಂದ ಇನ್ನು ಪ್ರಯೋಜನವಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ತೋರಿಸಿದರೆ, "ಬಿಳಿ ಬೆಳಕ್ ಕಣ್ಣಿಗೆ ಕುತ್ತುತ್ತೆ" ಎಂದು ಮುಖ ತಿರುಗಿಸಿದ್ದರು. ಕ್ರಮೇಣ ಓದುವ ಮಾತು ಮನೆಯಲ್ಲಿ ಯಾರೂ ಎತ್ತದಂತಾಯಿತು. ಆಕೆಯೂ ಎತ್ತಲಿಲ್ಲ.

ಆ ದಿನ ಹಾಕಿ ತಂಡದ ಕ್ಯಾಪ್ಟನ್ ಮಂಜುನಾಥ ಬಂದಿದ್ದ. ಹೊಸ ತಂಡ, ಹೆಸರು ಬೆಳಿಗ್ಗೆಯಷ್ಟೇ ಇಟ್ಟದ್ದು. ವಾಟ್ಸಾಪಿನಲ್ಲಿ ಹಾಕಲು ಪೋಸ್ಟರ್ ಬೇಕಿತ್ತು.

"ಅಕ್ಕಾ, ಹೆಸರು ಲೈಟ್ ಹಾಕಿದಂಗೆ ಉರೀಬೇಕು. ಆದ್ರೆ ಬಾರ್ ಬೋರ್ಡ್ ತರ ಕಾಣಬಾರ್ದು."

"ನಿಯಾನ್ ಕೇಳ್ತೀಯ, ಬಾರ್ ಬೋರ್ಡ್ ಬೇಡ ಅಂತೀಯ," ಎಂದು ಕವನಾ ನಕ್ಕಳು. ಅವಳಿಗೆ ಈ ಹೊಳೆಯುವ ಅಕ್ಷರಗಳೆಂದರೆ ಅಷ್ಟಕ್ಕಷ್ಟೆ. ಕೇಳಿದವರಿಗೆ ಮಾಡಿಕೊಡುತ್ತಿದ್ದಳು, ಅಷ್ಟೆ. ಸಂಜೆ ಬರುವುದಾಗಿ ಹೇಳಿ ಮಂಜುನಾಥ ಹೋದ.

ಅವಳು ಪರದೆಯ ತುಂಬ ಕಪ್ಪು ಬಳಿದಳು. ಅದರ ಮೇಲೆ ದುಂಡನೆಯ ದಪ್ಪ ಅಕ್ಷರದಲ್ಲಿ ಹೆಸರು ಬರೆದಳು. ಆ ಪದರವನ್ನೇ ನಕಲು ಮಾಡಿ, ನೀಲಿ ಕೊಟ್ಟು, ಮಸುಕಾಗಿಸಿ ಕೆಳಗೆ ಇಟ್ಟಳು. ಇನ್ನೊಂದು ನಕಲನ್ನು ಇನ್ನೂ ಅಗಲಕ್ಕೆ ಹರಡಿದಳು. ಮೇಲಿನ ಅಕ್ಷರವನ್ನು ಬೆಳ್ಳಗೆ ಮಾಡಿದ್ದೇ ತಡ, ಒಳಗಿನಿಂದ ಯಾರೋ ಸ್ವಿಚ್ ಒತ್ತಿದ ಹಾಗೆ ಹೆಸರು ಹೊತ್ತಿಕೊಂಡಿತು. ಚೆನ್ನಾಗಿ ನೋಡೋಣವೆಂದು ಅವಳು ಎದ್ದು ಅಂಗಡಿಯ ಟ್ಯೂಬ್‌ಲೈಟ್ ಆರಿಸಿದಳು.

"ಮಿಂಚುಳ್ಳಿ," ಎಂದಿತು ಹಿಂದಿನಿಂದ ಒಂದು ದನಿ.

ಹಿಂಬಾಗಿಲಲ್ಲಿ ಅತ್ತೆ ಲೋಟ ಹಿಡಿದು ನಿಂತಿದ್ದರು. ಅತ್ತೆ ಸೊಸೆಯ ನಡುವಿನ ಮಾತು ಅರೆಭಾಷೆಯಲ್ಲೇ, ಅದರಲ್ಲಿ 'ತ' ಎಂದರೆ ಅಂತ, 'ಉಟ್ಟು' ಎಂದರೆ ಇದೆ.

"ಎಂತ ಅತ್ತೆ?"

"ಮಿಂಚುಳ್ಳಿ ತ ಬರ್ದುಟ್ಟಲ್ಲ ಅಲ್ಲಿ."

"ಯಾರ್ ಹೇಳಿದ್ ನಿಮ್ಗೆ?"

"ಯಾರ್ ಹೇಳಿಕೆ? ಕಾಣ್ತುಟ್ಟು."

 ಮಂಜುನಾಥ ಬಂದಾಗ ಅತ್ತೆ ಮನೆಯಲ್ಲೇ ಇರಲಿಲ್ಲ, ಕಣದಲ್ಲಿ ಕಾಫಿ ಒಣಗಿಸುವ ಹೆಂಗಸರ ಜೊತೆ ಕೂತಿದ್ದರು. ಕವನಾ ಲೋಟ ತೆಗೆದಿಟ್ಟು, ಕುರ್ಚಿ ಎಳೆದು ಆಕೆಯನ್ನು ಪರದೆಯ ಮುಂದೆ ಕೂರಿಸಿದಳು. ಹೆಸರು ಅಳಿಸಿ, ಊಹಿಸಲು ಬಾರದ ಇನ್ನೊಂದು ಪದ ಬರೆದಳು.

ಪ್ರೇಮಾವತಿ ನೇರ ನೋಡಲಿಲ್ಲ. ಕೋಳಿ ನೋಡುವ ಹಾಗೆ ತಲೆ ಓರೆ ಮಾಡಿ, ಕಣ್ಣಂಚಿನಿಂದ ಹುಡುಕಿದರು. "ಬೆಕು... ಕೆಳಗೆ ಎಂತೊ ಉರುಟಾಗಿ ಉಟ್ಟು."

ಬರೆದದ್ದು ಬೆಕ್ಕು. ಹರಡಿದ ಬೆಳಕು ಒತ್ತಕ್ಷರವನ್ನು ನುಂಗಿಬಿಟ್ಟಿತ್ತು. ಕವನಾ ಹೊಳಪಿನ ಹರವನ್ನು ಕಿರಿದು ಮಾಡಿದಳು, ಅಕ್ಷರಗಳ ನಡುವೆ ಜಾಗ ಬಿಟ್ಟಳು, ಒತ್ತನ್ನು ತುಸು ಕೆಳಕ್ಕೆ ಇಳಿಸಿದಳು, ನೀಲಿ ತೆಗೆದು ಹಳದಿ ಕೊಟ್ಟಳು.

"ಬೆಕ್ಕು!" ಎಂದರು ಪ್ರೇಮಾವತಿ. ಬೆಕ್ಕೇ ಎದುರು ಬಂದು ಕೂತಂತೆ ಇತ್ತು ಆ ದನಿ.

ಪೋಸ್ಟರ್‌ಗಳಿಗೆ ಎಷ್ಟೋ ಸಲ ಮಾಡಿಕೊಟ್ಟ ಕೆಲಸ ಇದು. ಈಗ ಅದೇ ಬೆಳಕು ಅತ್ತೆಯ ಕೆನ್ನೆಯ ಮೇಲೆ ಬಿದ್ದಿತ್ತು, ತುಟಿ ಅಲುಗುತ್ತಿತ್ತು. ಕವನಾಳ ಮೈ ನವಿರೆದ್ದಿತು.

"ಹೇಗೆ ಕಾಣ್ತುಟ್ಟು ಅತ್ತೆ?" ಎಂದು ಕೇಳಿದಳು.

ಪ್ರೇಮಾವತಿ ಯೋಚಿಸಿ ಹೇಳಿದರು. ಸುತ್ತಲಿನ ಹಳದಿ ಬೆಳಕು, ಅಕ್ಷರ ಎಲ್ಲಿದೆಯೆಂದು ಮೊದಲು ಕರೆಯುತ್ತದಂತೆ. ಅಲ್ಲಿಗೆ ಹೋದರೆ ನಡುವಿನ ಬಿಳಿ ಗೆರೆ ತನ್ನ ಆಕಾರ ತೋರಿಸುತ್ತದಂತೆ. ಕಾಗದದ ಮೇಲಿನ ಅಕ್ಷರ ಹೊಗೆಯಲ್ಲಿ ಮುಳುಗಿದರೆ ಇದು ಹೊಗೆಯಿಂದ ಎದ್ದು ಬರುತ್ತದಂತೆ. ಇಷ್ಟು ಹೇಳಿ, "ಪೇಪರ್‌ಲಿ ಇಂದ್ ಎಂತ ಉಟ್ಟು?" ಎಂದರು.

ಕವನಾ ಪೇಪರ್ ತಂದು ಒಂದು ಸುದ್ದಿ ಹುಡುಕಿ ಟೈಪ್ ಮಾಡಿದಳು. ಅಮ್ಮತ್ತಿಯ ಹತ್ತಿರದ ತೋಟವೊಂದರಲ್ಲಿ ಆನೆ ಮರಿಯೊಂದು ಕೆರೆಗೆ ಜಾರಿ ಬಿದ್ದಿತ್ತು. ಪ್ರೇಮಾವತಿ ಒಂದೊಂದೇ ಅಕ್ಷರ ಹಿಡಿದು, ಬಿಟ್ಟು, ಮತ್ತೆ ಹಿಡಿದು ಸಾಲಿನ ಕೊನೆ ಮುಟ್ಟಿದರು.

"ಅಯ್ಯೋ! ಮತ್ತೆ?"

"ಮತ್ತೆ ಫಾರೆಸ್ಟ್‌ನವು ಬಂದ್..."

"ಹೇಳ್ಬೇಡ!" ಪ್ರೇಮಾವತಿ ಸೊಸೆಯ ಕೈ ಹಿಡಿದರು. "ಬರಿ. ನಾ ಓದ್ನೆ."

ಕವನಾ ಬರೆದಳು. ತಾಯಾನೆ ದಂಡೆ ಬಿಟ್ಟು ಕದಲಲಿಲ್ಲ. ಇನ್ನೊಂದು ಸಾಲು. ಕೆರೆಯ ಏರಿಯನ್ನು ಜೆಸಿಬಿಯಿಂದ ಇಳಿಜಾರು ಮಾಡಿದರು. ಇನ್ನೊಂದು. ಮರಿ ಎದ್ದು ಬಂದು ತಾಯಿಯ ಕಾಲ ನಡುವೆ ನಿಂತಿತು. ಆ ಸಾಲನ್ನು ಪ್ರೇಮಾವತಿ ಎರಡು ಸಲ ಓದಿದರು.

ಸಂಜೆ ಮಂಜುನಾಥ ಬಂದಾಗ ಪೋಸ್ಟರ್ ಆಗಿರಲಿಲ್ಲ. ಕತ್ತಲೆ ಅಂಗಡಿಯಲ್ಲಿ ಅತ್ತೆ ಸೊಸೆ ಪರದೆಗೆ ಅಂಟಿ ಕೂತದ್ದು ಕಂಡು ಅವನು ಬಾಗಿಲಲ್ಲೇ ತಡೆದು ನಿಂತ. ಕವನಾ ಪಿಸುದನಿಯಲ್ಲಿ ವಿಷಯ ಹೇಳಿದಳು.

"ಆಂಟಿ, ನಮ್ಮ ಟೀಮ್ ಹೆಸರು ಮೊದಲು ಓದಿದ್ದು ನೀವೇನಾ?" ಎಂದು ಕೇಳಿದ ಅವನ ಮುಖ ಅರಳಿತು. "ಪೋಸ್ಟರ್ ನಾಳೆ ಆದ್ರೂ ಆಯ್ತಕ್ಕಾ."

ಮರುದಿನ ಕವನಾ ಆ ಹೊಳೆಯುವ ಸಾಲುಗಳನ್ನು ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿ ಅತ್ತೆಯ ಕೋಣೆಯಲ್ಲಿ ತೂಗಿ ನೋಡಿದಳು. ಆಕೆಗೆ ಕಾಣಲಿಲ್ಲ. ಅಚ್ಚಾದ ಮೇಲೆ ಅದು ಬರೀ ಬಣ್ಣ, ಬೆಳಕಲ್ಲ. ತೀರ್ಥಪ್ರಸಾದ್ ಸುಮ್ಮನೆ ಕೂರಲಿಲ್ಲ, ಜಗಲಿಯಲ್ಲಿದ್ದ ಟೀವಿಯನ್ನು ಅಮ್ಮನ ಮಂಚದ ಎದುರಿಗೆ ತಂದು ಗೋಡೆಗೆ ಬಿಗಿದ. ಅಂದಿನಿಂದ ದಿನಾ ಬೆಳಿಗ್ಗೆ ಕವನಾ ಸುದ್ದಿ ಬರೆದು ಪೆನ್‌ಡ್ರೈವ್‌ನಲ್ಲಿ ಟೀವಿಗೆ ಹಾಕತೊಡಗಿದಳು. ಹೊಳಪು ಬೇಡ, ಕಪ್ಪಿನ ಮೇಲೆ ಬಿಳಿ ಸಾಕಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಆ ಬೆಳಕ್ ಇರ್ಲಿ ಮಗಾ, ಚೆಂದ ಉಟ್ಟು" ಎಂದುಬಿಟ್ಟರು ಪ್ರೇಮಾವತಿ.

ಒಂದು ಬೆಳಿಗ್ಗೆ ಸುದ್ದಿಯ ಕೊನೆಗೆ ಕವನಾ ತಮ್ಮ ಮನೆಮಾತಿನಲ್ಲಿ ಒಂದು ಸಾಲು ಸೇರಿಸಿದಳು. ಹುಟ್ಟಿದಾಗಿನಿಂದ ಆಡಿದ ಅರೆಭಾಷೆಯನ್ನು ಅವಳು ಬರೆದದ್ದು ಅದೇ ಮೊದಲು. ಹೇಗೆ ಬರೆಯುವುದೆಂದು ತಡವರಿಸಿ, ಕಿವಿಗೆ ಕೇಳುವ ಹಾಗೆಯೇ ಬರೆದಿದ್ದಳು: "ಅತ್ತೆ, ಕಾಪಿ ಕುಡ್ದ್ ಆತಾ?"

ಪ್ರೇಮಾವತಿ ತಲೆ ಓರೆ ಮಾಡಿದರು. ತುಟಿ ಅಲುಗಿ ನಿಂತಿತು. ಮಂಚದಿಂದ ಎದ್ದು, ಗೋಡೆ ಹಿಡಿಯುವುದನ್ನೂ ಮರೆತು ಟೀವಿಯ ಹತ್ತಿರ ಹೋಗಿ, ಉರಿಯುವ ಆ ಅಕ್ಷರಗಳ ಮೇಲೆ ಅಂಗೈ ಇಟ್ಟರು. ಬೆರಳ ಸಂದಿಯಿಂದ ಹಳದಿ ಬೆಳಕು ಹೊರಗೆ ಸುರಿಯಿತು.

"ನಮ್ಮ ಮಾತ್!" ಎಂದರು. "ಇದ್ನೂ ಓದಿಕೆ ಆದೆ ಕವನಾ, ಇದ್ನೂ!"