ಮಧ್ಯದ ಹಲಗೆ

ಕಲಾ ಕಾಲೇಜಿನ ಹಿಂಬದಿಯ ಕಾರ್ಯಾಗಾರದಲ್ಲಿ ಬೆಳಗಾಯಿತೆಂದರೆ ಮೊದಲು ಕೇಳಿಸುತ್ತಿದ್ದುದು ಮಣ್ಣು ನಾದುವ ಧಪಧಪ ಸದ್ದು. ಮೇಲೆ ತಗಡಿನ ಛಾವಣಿ, ಕೆಳಗೆ ಎಷ್ಟು ತೊಳೆದರೂ ಬಿಳಿಚಿಕೊಂಡೇ ಇರುವ ನೆಲ, ಗೋಡೆಯುದ್ದಕ್ಕೂ ಮಡಕೆ ತಿರುಗಿಸುವ ತಿಗರಿಗಳ ಸಾಲು, ಮೂಲೆಯಲ್ಲಿ ಆಳೆತ್ತರದ ಕರೆಂಟಿನ ಭಟ್ಟಿ. ಆ ಭಟ್ಟಿಯ ಮುಂದೆ ಅಂತಿಮ ವರ್ಷದ ಹುಡುಗಿಯೊಬ್ಬಳು ಅತ್ತಿಂದಿತ್ತ ಸುಳಿದಾಡುತ್ತಿದ್ದಳು. ಕುಳಿತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಆಕೆಗೆ ಗೆಳೆಯರು ಬುಗುರಿ ಎಂದು ಹೆಸರಿಟ್ಟಿದ್ದರು. ಈಗ ಅಧ್ಯಾಪಕರೂ ಹಾಗೆಯೇ ಕರೆಯುತ್ತಿದ್ದರು.

"ಏನೇ ಬುಗುರಿ, ನೀನು ಹಿಂಗೆ ಸುತ್ತೋ ಬದ್ಲು ತಿಗರಿ ಮೇಲೆ ಕೂತ್ಕೊಂಡ್ರೆ ಕಾಲೇಜಿಗೆ ಕರೆಂಟಾದ್ರೂ ಉಳಿಯುತ್ತೆ," ಎಂದ ಅವಳ ಸಹಪಾಠಿ. ಹುರಿ ಮಾಡಿದ ಮೀಸೆಯಿಂದಾಗಿ ಅವನು ಎಲ್ಲರ ಬಾಯಲ್ಲೂ ಮೀಸೆಯೇ ಆಗಿದ್ದ.

"ನಾಳೆ ಭಟ್ಟಿ ತುಂಬೋ ಪಾಳಿ ನಂದು. ತಲೆ ಕೆಟ್ಟಿದೆ, ಸುಮ್ನಿರು."

ತಲೆ ಕೆಡಲು ಕಾರಣವಿತ್ತು. ಭಟ್ಟಿ ಹಳೆಯದು, ಅದರೊಳಗಿನ ಸುಟ್ಟಮಣ್ಣಿನ ಹಲಗೆಗಳಲ್ಲಿ ಮಧ್ಯದ್ದರಲ್ಲಿ ಮಾತ್ರ ಕಾವು ಹದವಾಗಿ ಹರಡುತ್ತಿತ್ತು. ಕೆಳಗಿಟ್ಟದ್ದು ಅರೆಬೆಂದು ಬರುತ್ತಿತ್ತು. ಬಾಗಿಲ ಬಳಿಯದಂತೂ ದೇವರಿಗೇ ಪ್ರೀತಿ: ಸವೆದ ಸಂದಿನಿಂದ ನುಗ್ಗುವ ಗಾಳಿ ತಾಕಿ, ಆರುವಾಗ ಬಿರುಕು ಬಿಡುತ್ತಿತ್ತು. ಅದಕ್ಕೆಂದೇ ಕಾರ್ಯಾಗಾರದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅಂತಿಮ ವರ್ಷದವರಿಗೆ ಮಧ್ಯದ ಹಲಗೆ, ಎರಡನೆಯವರಿಗೆ ಕೆಳಗಿನದು, ಹೊಸಬರಿಗೆ ಬಾಗಿಲು. ಇದನ್ನು ಯಾರೂ ಬರೆದಿರಲಿಲ್ಲ, ಯಾರೂ ಪ್ರಶ್ನಿಸಿಯೂ ಇರಲಿಲ್ಲ.

ನಾಳೆಯದು ವರ್ಷಾಂತ್ಯದ ಪ್ರದರ್ಶನಕ್ಕೆ ಮುಂಚಿನ ಕೊನೆಯ ಸುಡುವಿಕೆ. ಬುಗುರಿಯ ಮೊಣಕಾಲೆತ್ತರದ ಜಾಡಿ ಅದರಲ್ಲಿ ಬೆಂದು ಹೊರಬಂದರೆ ಪದವಿ ಕೈಗೆ ಬರುತ್ತಿತ್ತು. ಬಾರದಿದ್ದರೆ ಇನ್ನೊಂದು ಅವಧಿ ಇದೇ ಕಾಲೇಜಿಗೆ ಮಣ್ಣು ಹೊರಬೇಕಾಗಿತ್ತು. ಅಷ್ಟೇ ಆಗಿದ್ದರೆ ಅವಳಿಗೆ ಈ ತಳಮಳ ಇರುತ್ತಿರಲಿಲ್ಲ. ಕಳೆದ ಸಲದ ಒಂದು ಮಾತು ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು.

ಕಳೆದ ಸಲವೂ ತುಂಬಿದವಳು ಅವಳೇ. ಮೊದಲ ವರ್ಷದ ಹುಡುಗಿಯೊಬ್ಬಳ ತೆಳುವಾದ ಬಟ್ಟಲುಗಳನ್ನು ಪದ್ಧತಿಯಂತೆ ಬಾಗಿಲ ಬಳಿ ಜೋಡಿಸಿದ್ದಳು. ತೆರೆದಾಗ ಒಂದೂ ಉಳಿದಿರಲಿಲ್ಲ. ಹೊಸಬರು ಸುಟ್ಟು ತೋರಿಸಿದ ಕೆಲಸವನ್ನು ನೋಡಿಯೇ ಯಾರು ಕುಂಬಾರಿಕೆಯ ವಿಭಾಗದಲ್ಲಿ ಉಳಿಯಬೇಕು, ಯಾರು ಬೇರೆಡೆಗೆ ಹೋಗಬೇಕು ಎಂದು ಕಾಲೇಜು ನಿರ್ಧರಿಸುತ್ತಿತ್ತು. ಹುಡುಗಿ ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಎಂದು ಬುಗುರಿ ಉತ್ತರ ಸಿದ್ಧಮಾಡಿಕೊಂಡಿದ್ದಳು. ಹುಡುಗಿ ಎರಡನ್ನೂ ಮಾಡಲಿಲ್ಲ. ಚೂರುಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತ, "ಪರ್ವಾಗಿಲ್ಲ ಅಕ್ಕ. ಇನ್ನೊಂದು ಸಲ ಮಾಡ್ತೀನಿ. ನಾನೂ ಲಾಸ್ಟ್ ಇಯರಿಗೆ ಬರ್ತೀನಲ್ಲ, ಆಗ ಮಧ್ಯದ ಹಲಗೆ ನಂದೇ. ಹೊಸಬ್ರು ಬಾಗಿಲಲ್ಲಿರ್ತಾರೆ ಬಿಡಿ," ಎಂದು ನಕ್ಕಿದ್ದಳು.

ಬೈದಿದ್ದರೆ ಮರೆತುಬಿಡಬಹುದಾಗಿತ್ತು. ಆ ನಗು ಮರೆಯಲು ಬಿಡಲಿಲ್ಲ.

ಭಟ್ಟಿ ತುಂಬುವ ಹಿಂದಿನ ಸಂಜೆ ಮನೆಗೆ ಬಂದರೂ ಬುಗುರಿಗೆ ನೆಮ್ಮದಿಯಿಲ್ಲ. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಿಂದ ಬಂದು ಕಾಲು ನೀಡಿ ಕುಳಿತಿದ್ದಳು. ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದು ಈಚೆಗಷ್ಟೇ ಮೇಲ್ವಿಚಾರಕಿಯಾದ ಹೆಣ್ಣು. ದನಿಯಲ್ಲಿ ಹೊಸ ಗತ್ತು ಬಂದಿತ್ತು.

"ಇವತ್ತು ಹೊಸಬಳೊಬ್ಳು ಬಂದ್ಳು ಕಣೆ ಪುಟ್ಟಿ. ಇಸ್ತ್ರಿ ಮೇಜಿನ ಪಕ್ಕದ ಮಿಷನ್ ಕೊಟ್ಟೆ. ಮಧ್ಯಾಹ್ನಕ್ಕೇ ಮುಖ ಕೆಂಡ ಆಗಿತ್ತು."

"ಬೇರೆ ಮಿಷನ್ ಖಾಲಿ ಇರ್ಲಿಲ್ವೇನಮ್ಮ?"

"ಇತ್ತು."

"ಮತ್ತೆ?"

"ಮತ್ತೇನು ಮತ್ತೆ? ನಾನು ಬೆಂದಿದ್ದೂ ಅಲ್ಲೇ. ಆಗ ನಂಗ್ಯಾರು ಬೀಸಣಿಗೆ ಬೀಸಿದ್ರು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ತಟ್ಟೆ ತಗೊಂಡು ಬಾ, ಊಟ ಮಾಡು."

ತಾಯಿ ಕೆಟ್ಟವಳಲ್ಲ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಹೊತ್ತು ಓಡುವವಳು. ಅಂಥವಳ ಬಾಯಲ್ಲಿ ಈ ಮಾತು ಇಷ್ಟು ಸಲೀಸಾಗಿ ಬಂದುದನ್ನು ಕೇಳಿ ಬುಗುರಿ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕುಳಿತಳು. ತಾಯಿಯನ್ನು ಯಾವ ಮುಖವಿಟ್ಟುಕೊಂಡು ಬೈಯುವುದು?

ಮರುದಿನ ಭಟ್ಟಿಯ ಬಾಗಿಲು ತೆರೆದಿತ್ತು. ಮುಂದಿನ ಉದ್ದ ಮೇಜಿನ ಮೇಲೆ ಎಲ್ಲರ ಮಣ್ಣಿನ ಕೆಲಸಗಳು ಸುಡಲು ಕಾದು ಕುಳಿತಿದ್ದವು. ಮೀಸೆ ತಾನು ಮಾಡಿದ ಕುದುರೆಯ ತಲೆಯನ್ನು ಎದೆಗವಚಿಕೊಂಡು ಬಂದ.

"ನೋಡೇ, ಹೆಂಗಿದೆ?"

"ಥೇಟ್ ನಿನ್ ಹಂಗೇ ಇದೆ. ಮೀಸೆ ಒಂದು ಅಂಟಿಸ್ಬಿಡು," ಎಂದವಳು ನಗಲಿಲ್ಲ. "ಲೋ, ಈ ಸಲ ವರ್ಷ ನೋಡಿ ಇಡಲ್ಲ ಕಣೋ ನಾನು."

"ಮತ್ತೇನು, ಜಾತಕ ನೋಡಿ ಇಡ್ತೀಯಾ?"

"ತೆಳು ಕೆಲಸ, ಚೆನ್ನಾಗಿ ಒಣಗಿದ್ದು ಮಧ್ಯಕ್ಕೆ. ಯಾರದ್ದಾದ್ರೂ ಆಗ್ಲಿ."

ಮೀಸೆಯ ಮುಖ ಗಂಟಿಕ್ಕಿತು. "ಬಾಗಿಲಲ್ಲಿ ಒಡೆಸ್ಕೊಂಡ್ವಿ, ಕೆಳಗೆ ಅರೆಬೇಯಿಸ್ಕೊಂಡ್ವಿ. ಯಾತಕ್ಕೆ? ಈ ಒಂದು ಸಲಕ್ಕೆ! ನೀನೀಗ ದೊಡ್ಡ ಮನಸ್ಸು ಮಾಡ್ಬಿಟ್ರೆ ನಮ್ದು ಒಡೆದಿದ್ದಕ್ಕೆ ಯಾರು ಜವಾಬು ಕೊಡ್ತಾರೆ?"

"ಯಾರೂ ಕೊಡಲ್ಲ. ಹೊಸಬ್ರದ್ದು ಒಡೆದ್ರೆ ನಮ್ದು ಕೂಡ್ಕೊಳ್ಳುತ್ತಾ?"

ಚಹಾದ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದ ಅಧ್ಯಾಪಕರು ಗಂಟಲು ಸರಿಪಡಿಸಿಕೊಂಡರು. ಹುಡುಗರ ಪದ್ಧತಿಗೆ ಕೈ ಹಾಕಿದವರಲ್ಲ ಅವರು. ಆದರೆ ಅವರು ಈಗ ಆಡಿದ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

"ದುಡುಕ್ಬೇಡಮ್ಮ. ಹೊಸಬರ ಕೈ ಪಳಗಿರಲ್ಲ. ಒಳಗೆ ಹಸಿ ಉಳಿದಿರುತ್ತೆ. ಕಾವು ಏರಿದಾಗ ಸಿಡಿಯುತ್ತೆ. ಸಿಡಿದದ್ದು ತಾನೊಂದೇ ಹೋಗಲ್ಲ, ಪಕ್ಕದ್ದನ್ನೂ ಕರ್ಕೊಂಡು ಹೋಗುತ್ತೆ. ವರ್ಷವೆಲ್ಲ ದುಡಿದವರ ಕೆಲಸದ ಪಕ್ಕದಲ್ಲಿ ಅದನ್ನಿಡೋದು ನ್ಯಾಯವೇ?"

"ಹಾಗಾದ್ರೆ ಹಸಿ ಇದೆಯೋ ಇಲ್ವೋ ನೋಡ್ಬೇಕಲ್ವಾ ಸರ್? ನಾವು ಇಷ್ಟು ದಿನ ವರ್ಷ ನೋಡಿದ್ವಿ."

ಅಧ್ಯಾಪಕರು ಲೋಟವನ್ನು ತುಟಿಯವರೆಗೆ ಒಯ್ದವರು ಹಾಗೆಯೇ ಇಳಿಸಿದರು. "ನೋಡು. ನೋಡ್ಬೇಡ ಅಂದೋರ್ಯಾರು?"

ಮಣ್ಣಿನ ಕೆಲಸ ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಕೆನ್ನೆಗೆ ಒತ್ತಿ ಹಿಡಿದರಾಯಿತು. ಒಳಗೆ ನೀರಿದ್ದರೆ ತಣ್ಣಗೆ ಕೊರೆಯುತ್ತದೆ. ಬುಗುರಿ ಮೊದಲು ಆ ಹುಡುಗಿಯ ಹೊಸ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಕೆನ್ನೆಗಿಟ್ಟಳು. ಯಾವುದರಲ್ಲೂ ತಂಪಿಲ್ಲ. ಅಂಚಿನಿಂದ ತಳದವರೆಗೆ ಒಂದೇ ದಪ್ಪ. ಆತುರದ ಗುರುತೇ ಇಲ್ಲ. ಗೋಡೆಗೆ ಒರಗಿ ನಿಂತಿದ್ದ ಹುಡುಗಿ ನೋಡುತ್ತಿದ್ದಳು.

ಎರಡನೆಯ ವರ್ಷದವರ ತಟ್ಟೆಗಳೂ ಹೂದಾನಿಗಳೂ ಮುಗಿದವು. ಕೊನೆಗೆ ಮೇಜಿನ ತುದಿಯಲ್ಲಿದ್ದ ತನ್ನ ಜಾಡಿಯ ಮುಂದೆ ನಿಂತಳು. ಮೇಲ್ಭಾಗ ಸರಿಯಾಗಿತ್ತು. ಬಗ್ಗಿ ತಳದ ಬಳಿ ಕೆನ್ನೆ ಇಟ್ಟಾಗ, ಒದ್ದೆ ಬಟ್ಟೆ ತಾಕಿದಂತೆ ಮೈ ಜುಮ್ಮೆಂದಿತು.

ಇನ್ನೊಂದು ಕೆನ್ನೆ ಇಟ್ಟು ನೋಡಿದಳು. ಬೆಳಗಿನ ತಂಪಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅದೇ ಮೇಜಿನ ಮೇಲೆ ಅದೇ ಬೆಳಗನ್ನು ಕಂಡ ಬಟ್ಟಲುಗಳಿಗೆ ಆ ತಂಪು ಹತ್ತಿರಲಿಲ್ಲ. ಸಮಾಧಾನವಿಲ್ಲದೆ ಎರಡೆರಡು ಬಾರಿ ಕೆಡವಿ ಕಟ್ಟಿದ ಜಾಡಿ ಅದು; ಕೊನೆಯ ಸಲ ಗಡಿಬಿಡಿಯಲ್ಲಿ ತಳವನ್ನು ದಪ್ಪ ಬಿಟ್ಟು, ಬೇಗ ಒಣಗಲೆಂದು ಫ್ಯಾನಿನ ಕೆಳಗಿಟ್ಟಿದ್ದಳು. ಹೊರಗೆ ಒಣಗಿತ್ತು. ಒಳಗೆ ಹಸಿ.

ಭಟ್ಟಿಯವರೆಗೆ ಹೋದಳು, ಮತ್ತೆ ಬಂದಳು. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅಂತಿಮ ವರ್ಷದವರ ಕೆಲಸಕ್ಕೆ ಯಾರೂ ಕೆನ್ನೆ ಇಟ್ಟವರಿಲ್ಲ. ಸಿಡಿಯದೆ ಉಳಿದರೂ ಉಳಿಯಬಹುದು, ಅದೃಷ್ಟ ಚೆನ್ನಾಗಿದ್ದರೆ. ಆ ಅದೃಷ್ಟದ ಪಕ್ಕದಲ್ಲಿ ಯಾರ ಬಟ್ಟಲು ಕೂತಿರುತ್ತದೆ ಎಂಬುದು ನೆನಪಾಗಿ ಕಾಲು ತಾನಾಗಿ ನಿಂತಿತು.

"ಸರ್, ನನ್ನ ಜಾಡಿ ಈ ಸಲ ಒಳಗೆ ಹೋಗಲ್ಲ."

"ಸುಡದ ಮಣ್ಣನ್ನ ಪ್ರದರ್ಶನಕ್ಕೆ ಇಡೋ ಹಾಗಿಲ್ಲಮ್ಮ. ಇನ್ನೊಂದು ಅವಧಿ ಕಾಯ್ಬೇಕಾಗುತ್ತೆ, ಗೊತ್ತಲ್ವಾ?"

"ಗೊತ್ತು ಸರ್." ಅವಳು ಹುಡುಗಿಯ ಬಟ್ಟಲುಗಳನ್ನೆತ್ತಿ ಮಧ್ಯದ ಹಲಗೆಯ ಮೇಲೆ ಒಂದೊಂದಾಗಿ ಜೋಡಿಸತೊಡಗಿದಳು. ಜಾಡಿ ಹೊರಗುಳಿದದ್ದರಿಂದ ಒಳಗೆ ಜಾಗಕ್ಕೆ ಬರವಿರಲಿಲ್ಲ. ಒಣಗಿದ ಉಳಿದ ಕೆಲಸಗಳನ್ನೂ ಒಳಗೆ ಸೇರಿಸಿ, ಬಾಗಿಲ ಸಾಲಿನಲ್ಲಿ ಈ ಸಲ ಯಾರದನ್ನೂ ಇಡದೆ, ಹಳೆಯ ಇಟ್ಟಿಗೆಗಳನ್ನು ಗಾಳಿಗೆ ಅಡ್ಡವಾಗಿ ಒಟ್ಟಿದಳು. ಇಷ್ಟು ಸುಲಭದ ಕೆಲಸ ಈವರೆಗೆ ಯಾರಿಗೂ ಹೊಳೆದಿರಲಿಲ್ಲ, ಬಾಗಿಲಿಗೆ ಹೊಸಬರಿದ್ದರಲ್ಲ!

ಹುಡುಗಿ ಹತ್ತಿರ ಬಂದು ತಡವರಿಸಿದಳು. "ಅಕ್ಕ... ಬೇಡ. ಇದನ್ನ ನಾನು ಹೆಂಗೆ ತೀರಿಸ್ಲಿ?"

"ತೀರಿಸೋಕೇನಿದೆಯೇ? ನಾನೇನು ದಾನ ಮಾಡಿದ್ನಾ? ನಿಂದು ಒಣಗಿದೆ, ನಂದು ಒಣಗಿಲ್ಲ. ಅಷ್ಟೇ. ನಿಂತು ನೋಡ್ಬೇಡ, ಆ ತುದಿ ಹಿಡ್ಕೋ."

ಇಬ್ಬರೂ ಜಾಡಿಯನ್ನೆತ್ತಿ ಹೊರಗಿನ ಬಿಸಿಲ ಜಗಲಿಗೆ ಸಾಗಿಸಿದರು. ಹುಡುಗಿ ಒಳಗೆ ಓಡಿದಳು. ಬುಗುರಿ ಅಲ್ಲೇ ಗೋಡೆಗೆ ಒರಗಿದಳು. ಒಳಗಿನಿಂದ ಮೀಸೆಯ ಗೊಣಗಾಟ ಕೇಳಿಸುತ್ತಿತ್ತು: ಹುಚ್ಚಂತೆ, ಹರಿಶ್ಚಂದ್ರನ ಮೊಮ್ಮಗಳಂತೆ, ಇವಳೊಬ್ಬಳಿಂದ ಲೋಕ ಉದ್ಧಾರವಂತೆ. ಆಮೇಲೆ ಗೊಣಗಾಟ ನಿಂತಿತು.

ಮೀಸೆ ಹೊರಗೆ ಬಂದ. ತೋಳಿನಲ್ಲಿ ಕುದುರೆಯ ತಲೆ. ಅವನ ಒಂದು ಕೆನ್ನೆಯೂ ಅರ್ಧ ಮೀಸೆಯೂ ಮಣ್ಣಿನ ಹುಡಿ ಮೆತ್ತಿ ಬೆಳ್ಳಗಾಗಿದ್ದವು.

"ಕತ್ತಿನ ಹತ್ರ ತಣ್ಣಗಿದೆ," ಎಂದು ಯಾರಿಗೋ ಬೈಯುವವನಂತೆ ಹೇಳಿ, ಕುದುರೆಯನ್ನು ಜಾಡಿಯ ಪಕ್ಕ ಇಟ್ಟು, ಅವಳಿಂದ ಒಂದು ಮಾರು ದೂರದಲ್ಲಿ ಕುಳಿತ. ಒಳಗೆ ಅಧ್ಯಾಪಕರು ಭಟ್ಟಿಯ ಬಾಗಿಲು ಮುಚ್ಚಿದ ಸದ್ದಾಯಿತು.

"ಇನ್ನೆಷ್ಟು ದಿನ ಬೇಕೇ ಇದಕ್ಕೆ?" ಎಂದು ಕೇಳಿದ ಮೀಸೆ.

ಬುಗುರಿ ಜಾಡಿಯ ತಳ ಬಿಸಿಲಿಗೆ ಬರುವಂತೆ ಮೆಲ್ಲಗೆ ಹೊರಳಿಸಿದಳು.

"ಒಣಗೋವಷ್ಟು."