ಹಗ್ಗ ಹಿಡಿದವನ ಕಿವಿ

ಬಾವಿಗೆ ಇಳಿದವನ ಜೀವ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಹಗ್ಗ ಹಿಡಿದವನ ಕಿವಿ ಬಾವಿಯೊಳಗಿರುತ್ತದೆ. ಹೂಳೆತ್ತುವವರ ಮನೆಯಲ್ಲಿ ಹುಟ್ಟಿದವಳಿಗೆ ಇದು ಎದೆಹಾಲಿನ ಜೊತೆಗೇ ಬಂದ ಪಾಠ. ಕೆಳಗೆ ಆಳು ಇರುವಷ್ಟು ಹೊತ್ತು ಮೇಲಿನವನು ಕೆಳಗಿನ ದನಿಗೆ ಮಾತ್ರ ಓಗೊಡಬೇಕು. "ಯಮ ಬಂದು ಕರೆದರೂ ತಿರುಗಬೇಡಿ. ಅವನೇನು ಅವಸರದವನಲ್ಲ, ಕಾಯ್ತಾನೆ" ಎನ್ನುತ್ತಿದ್ದ ಅವಳಪ್ಪ.

ಅಂದು ಬಟ್ಟೆ ಒಗೆಯುವ ಅಂಗಡಿಯ ಹಿತ್ತಲ ಬಾವಿಯಲ್ಲಿ ಕೆಲಸ. ಕೆಳಗೆ ಅವಳ ಗಂಡ, ಮೇಲೆ ಅವಳ ಅಣ್ಣ. ನಿಂತರೆ ಅಲ್ಲಾಡದವನೆಂದು ಅಣ್ಣನಿಗೆ ಕಂಬ ಎಂದೇ ಹೆಸರು ಬಿದ್ದಿತ್ತು. ಅವಳು ಕೆಸರಿನ ಬಕೆಟ್ಟು ಸುರಿಯುತ್ತಿದ್ದಳು. ಗಂಡ ದಣಿದು, "ಎತ್ತು ಭಾವಾ" ಎಂದು ಕೂಗಿದ. ಅಣ್ಣ ಎಳೆಯತೊಡಗಿದ. ಅಷ್ಟರಲ್ಲಿ ದಫೇದಾರ ಬಂದ.

"ಏಯ್ ಕಂಬ, ನಡಿ ಸ್ಟೇಷನ್ನಿಗೆ."

ಹಿಂದಿನ ವಾರ ಅವರು ಹೂಳೆತ್ತಿದ ಮನೆಯಲ್ಲಿ ಪಂಪಿನ ಮೋಟಾರು ಕಾಣೆಯಾಗಿತ್ತಂತೆ.

"ಸಾಹೇಬ್ರೇ, ವಾರಂಟು ಗಿರಂಟು ಏನಾದ್ರೂ…" ಎಂದಳು ಅವಳು.

"ಕಳ್ಳತನದ ಕೇಸಮ್ಮಾ. ಅನುಮಾನ ಗಟ್ಟಿ ಇದ್ರೆ ಸಾಕು, ವಾರಂಟು ಬೇಕಿಲ್ಲ."

"ಒಂದು ಗಳಿಗೆ ತಡೀರಿ, ಕೆಳಗೆ ಆಳು ಇದ್ದಾನೆ!"

"ಹಿಡಿಯೋಕೆ ಹೋದಾಗೆಲ್ಲ ಒಬ್ಬೊಬ್ಬರದು ಒಂದೊಂದು ಕಥೆ," ಎಂದು ದಫೇದಾರ ಮತ್ತೆ ಕರೆದ. ಅಣ್ಣ ತಿರುಗಲಿಲ್ಲ. ಸೊಕ್ಕು ಎಂದುಕೊಂಡ ದಫೇದಾರ ಭುಜಕ್ಕೆ ಕೈಹಾಕಿ ಎಳೆದ. ಅಣ್ಣನ ಮೊಣಕೈ ಹಿಂದಕ್ಕೆ ಬೀಸಿತು; ದಫೇದಾರನ ತುಟಿ ಒಡೆಯಿತು. ಹಗ್ಗ ಸರ್ರನೆ ಜಾರಿತು. ಬಾವಿಯೊಳಗಿಂದ ಎದ್ದ ಚೀತ್ಕಾರ ಕೇಳಿ ಅವಳು ಹಗ್ಗದ ಮೇಲೆ ಬಿದ್ದಳು. ಅಣ್ಣ ಕಾಲೂರಿ ಹಿಡಿದ. ಮಂಡಿ ತರಚಿಕೊಂಡ ಗಂಡ ಕಟ್ಟೆಯ ಮೇಲೆ ಕೂತ ಮೇಲಷ್ಟೇ ಅಣ್ಣ ತಿರುಗಿ, ಎರಡೂ ಕೈ ಮುಂದೆ ಚಾಚಿದ.

"ಈಗ ಹೇಳಿ ಸಾಹೇಬ್ರೇ. ಕರೆದಿರಾ?"

ಮಧ್ಯಾಹ್ನದೊಳಗೆ ಮೋಟಾರು ಸಿಕ್ಕಿತು. ಆ ಮನೆಯ ಯಜಮಾನನಿಗೆ ಹೇಳದೆ ಅವನ ಹೆಂಡತಿಯೇ ರಿಪೇರಿಗೆ ಕಳಿಸಿದ್ದಳು. ಕಳ್ಳತನ ಮಂಜಿನಂತೆ ಕರಗಿತು, ಇನ್ನೊಂದು ಕೇಸು ಮಾತ್ರ ಕರಗಲಿಲ್ಲ. ಕರ್ತವ್ಯದ ಮೇಲಿದ್ದ ಪೊಲೀಸಿಗೆ ಅಡ್ಡಿ, ಹಲ್ಲೆ.

ಸ್ಟೇಷನ್ನಿನ ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ. "ತಪ್ಪಿಸಿಕೊಳ್ಳೋಕೆ ಹೊಡೆದೆ, ತಪ್ಪಾಯ್ತು ಅನ್ನಲಿ. ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತೀನಿ" ಎಂದರು.

"ಅಣ್ಣಾ, ಅಂದುಬಿಡೋ. ಮಾತಿಗೇನು ತೂಕವೇ?" ಎಂದು ಅವಳು ಅಂಗಲಾಚಿದಳು.

"ತುಟಿ ಒಡೆದಿದ್ದಕ್ಕೆ ಕಾಲು ಬೇಕಾದರೂ ಹಿಡೀತೀನಿ," ಎಂದ ಅಣ್ಣ. "ತಪ್ಪಿಸಿಕೊಳ್ಳೋಕೆ ಅಂದ್ರೆ, ನಿನ್ನ ಗಂಡನ್ನ ಬಾವೀಲಿ ಬಿಟ್ಟು ಓಡೋಕೆ ಹೊರಟಿದ್ದೆ ಅಂತಾಯ್ತಲ್ಲೇ. ನಾಳೆ ನನ್ನ ಹಗ್ಗ ನಂಬಿ ಯಾರು ಇಳೀತಾರೆ?"

"ನಾನು ಇಳೀತೀನಿ ಭಾವಾ," ಎಂದ ಗಂಡ.

"ನೀನು ಹೆಂಡತಿಗೆ ಹೆದರಿ ಎಲ್ಲಿಗೆ ಬೇಕಾದರೂ ಇಳೀತೀಯ. ಸುಮ್ನಿರು."

ನಗಬೇಕೆಂದರೂ ಯಾರಿಗೂ ನಗು ಬರಲಿಲ್ಲ. ಅಣ್ಣನ ಹಟದ ಮೇಲೆ ಅವಳಿಗೆ ಬೆಂಕಿಯಂಥ ಸಿಟ್ಟು ಬಂತು. ಆದರೆ ಅವನು ಆ ಮಾತು ಆಡಿದರೆ ಮನೆಗೆ ಮರಳುವವನು ಅವನಲ್ಲ, ಬೇರೆ ಯಾರೋ ಎಂದೂ ಹೊಳೆಯಿತು. ಬಾಗಿಲ ಬಳಿ ಊದಿದ ತುಟಿಯೊಂದಿಗೆ ನಿಂತಿದ್ದ ದಫೇದಾರನ ಕಡೆ ತಿರುಗಿದಳು.

"ಬಾವಿಯೊಳಗಿನ ಕೂಗು ನಿಮಗೂ ಕೇಳಿಸಿತಲ್ವಾ ಸಾಹೇಬ್ರೇ?"

ದಫೇದಾರ ಒಡೆದ ತುಟಿ ಒರೆಸಿಕೊಂಡ. "ಕೇಳಿಸಿತು. ಆಳು ಇದ್ದಾನೆ ಅಂತ ನೀನು ಮೊದಲೇ ಹೇಳಿದ್ದೆ. ನಾನು ನಂಬಲಿಲ್ಲ." ಇನ್ಸ್‌ಪೆಕ್ಟರು ದುರುಗುಟ್ಟಿದರು. ಅವನ ದನಿ ಕುಗ್ಗಿತು, ನಿಲ್ಲಲಿಲ್ಲ. "ಹೊಡೆತ ಬಿದ್ದಿದ್ದೂ ನಿಜ ಸಾರ್. ಆದ್ರೆ ಕೋರ್ಟಲ್ಲಿ ಕೇಳಿದ್ರೆ ಎರಡನ್ನೂ ಹೇಳ್ತೀನಿ."

ಕೇಸು ಕೇಸಾಗಿಯೇ ಉಳಿಯಿತು. ಅಣ್ಣ ಯಾರೂ ತಳ್ಳದೆ ಲಾಕಪ್ಪಿನೊಳಕ್ಕೆ ನಡೆದ.

ಹೊರಗೆ ಮೆಟ್ಟಿಲ ಮೇಲೆ ಗಂಡ ಮೆಲ್ಲಗೆ ಕೇಳಿದ, "ಕೋರ್ಟಲ್ಲಿ ಆ ದಫೇದಾರನನ್ನ ಕೇಳ್ತಾರೇನೇ?"

"ಕೇಳದೆ ಇದ್ರೆ ನಾನು ಎದ್ದು ನಿಂತು ಕೇಳ್ತೀನಿ," ಎಂದಳು ಅವಳು.