ತವರಿಗೆ ಹೋದ ರುದ್ರಮ್ಮ

ಮಾವಿನಕುಂಟೆ ಎಂಬ ಊರು ನಕ್ಷೆಯಲ್ಲಿಲ್ಲ. ಹತ್ತಾರು ಜನ ಫೋನಿನ ಒಂದು ಚಾಟ್ ಗುಂಪಿನಲ್ಲಿ ಬರೆದು ಬರೆದು ಕಟ್ಟಿಕೊಂಡ ಊರು ಅದು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಒಬ್ಬರು ಬಿಂದಿಗೆ ಹಿಡಿದು ಬಾವಿಕಟ್ಟೆಗೆ ಬಂದೆ ಎಂದು ಬರೆದರೆ, ಇನ್ನೊಬ್ಬರು ಹಗ್ಗ ಚಾಚಿದೆ ಎಂದು ಬರೆಯುತ್ತಿದ್ದರು. ಹೀಗೆ ದಿನಕ್ಕೆ ನಾಲ್ಕು ಸಾಲು, ಎಂಟು ಸಾಲು ಸೇರಿ ಊರಿನ ಕಥೆ ಸಾಗುತ್ತಿತ್ತು.

ಇಟ್ಟಮಡುವಿನ ಮಧುಶ್ರೀ ಅಲ್ಲಿ ರುದ್ರಮ್ಮ. ಮಧುಶ್ರೀಗೆ ಐವತ್ತು ದಾಟಿದೆ. ಅವಳ ಅಪ್ಪ ಕನಕಾಂಬರ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮೂರಂತಸ್ತಿನ ಮನೆ. ಮೇಲೆ ಬಾಡಿಗೆಯವರು, ಕೆಳಗೆ ಅವಳು ಮತ್ತು ಗಂಡ ವೇಣು. ರುದ್ರಮ್ಮನಿಗೆ ಮಾತ್ರ ಹೊಲ ಹಾಗೇ ಉಳಿದಿತ್ತು. ವಿಧವೆ, ಒಂದು ಎಮ್ಮೆ, ಬೇಲಿಯಾಚೆಗೂ ಕೇಳುವ ಗಂಟಲು. ಇಬ್ಬನಿ ಆರುವ ಮೊದಲು ಹೂ ಬಿಡಿಸಿ, ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಾ ದಾರಿಯಲ್ಲಿ ಹೋಗುವವರನ್ನೆಲ್ಲ ಅವಳು ಮಾತಿಗೆಳೆಯುತ್ತಿದ್ದಳು. ಒಂದು ಮೊಳ ಹೂ ಕಟ್ಟುವುದನ್ನು ಮಧುಶ್ರೀ ಇಡೀ ಬೆಳಗು ಬರೆಯುತ್ತಿದ್ದಳು. ದೆವ್ವ, ಕೊಲೆ ಬೇಕೆಂದು ಬಂದ ಹುಡುಗರು ಮೊದಮೊದಲು ಗೊಣಗಿದರು. ಆಮೇಲೆ ರುದ್ರಮ್ಮನ ಬೈಗುಳ ತಿನ್ನದೆ ಅವರಿಗೂ ದಿನ ಶುರುವಾಗುತ್ತಿರಲಿಲ್ಲ.

ಆ ಊರಿಗೂ ಕಟ್ಟುಪಾಡುಗಳಿದ್ದವು. ಕಥೆಯ ಹೊರಗಿನ ಮಾತನ್ನು ಕಂಸದೊಳಗೆ ಹಾಕಬೇಕು. ಇನ್ನೊಬ್ಬರ ಪಾತ್ರವನ್ನು ಆಡಿಸಬಾರದು. ಹೊಡೆಯಲು ಕೈ ಎತ್ತಿದೆ ಎಂದು ಬರೆಯಬಹುದು, ಏಟು ಬಿತ್ತೋ ತಪ್ಪಿತೋ ಎಂಬುದನ್ನು ಏಟಿನ ಎದುರಿಗಿರುವವರೇ ಬರೆಯಬೇಕು. ಯಾರಾದರೂ ಕೆಲವು ದಿನ ಬರಲಾಗದಿದ್ದರೆ ಅವರ ಪಾತ್ರವನ್ನು ಎಲ್ಲಿಗಾದರೂ ಕಳಿಸಿ ಹೋಗುತ್ತಿದ್ದರು. ಅವರೇ ಕರೆತರುವ ತನಕ ಆ ಪಾತ್ರ ಅಲ್ಲೇ ಇರಬೇಕು.

ಇದನ್ನೆಲ್ಲ ಮಧುಶ್ರೀಗೆ ಕಲಿಸಿದವನು ಚಿದಾನಂದ್. ಕುಮಾರಸ್ವಾಮಿ ಲೇಔಟಿನಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಮಾವಿನಕುಂಟೆಯಲ್ಲಿ ಅವನು ಶಿವರಾಮ್ ಮೇಷ್ಟ್ರು. ಅವಳು ಹೊಸದರಲ್ಲಿ ಮೇಷ್ಟ್ರ ಕೈಗೆ ಮಜ್ಜಿಗೆ ಕೊಟ್ಟು, ಅವರು ಕುಡಿದರು ಎಂದು ಬರೆದುಬಿಟ್ಟಿದ್ದಳು. ಅವನು ಪಕ್ಕಕ್ಕೆ ಕರೆದು ಮೆತ್ತಗೆ ತಿದ್ದಿದ್ದ: "ಅಕ್ಕ, ಕೊಟ್ಟೆ ಅನ್ನಿ ಸಾಕು. ಕುಡಿಯೋದು ನಂಗೆ ಬಿಡಿ." ಅಂದಿನಿಂದ ಕಥೆಯಾಚೆಗೂ ಇಬ್ಬರಿಗೂ ಮಾತು ಬೆಳೆಯಿತು.

ಒಂದು ಮಧ್ಯಾಹ್ನ ಅವನು ಸುಮ್ಮನೆ ಕೇಳಿದ್ದ: "ರುದ್ರಮ್ಮ ಇಷ್ಟು ಮಾತಾಡ್ತಾಳಲ್ಲ ಅಕ್ಕ, ನೀವೂ ಮನೇಲಿ ಹಿಂಗೇನಾ?" ಮಧುಶ್ರೀ ಇದ್ದದ್ದನ್ನು ಬರೆದಳು. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾದ ದಿನದಿಂದ ವೇಣು ತನ್ನೊಂದಿಗೆ ಮಾತಾಡಿಲ್ಲ. ಹೆಂಡತಿಗೆ ಮೊದಲೇ ಗೊತ್ತಿತ್ತು ಎಂಬುದು ಅವನ ಸಿಟ್ಟು. ತಟ್ಟೆ ಬಡಿಸಿ ಲೋಟವನ್ನು ಮೇಜಿಗೆ ಎರಡು ಸಲ ಕುಟ್ಟಿದರೆ ಬಂದು ಉಣ್ಣುತ್ತಾನೆ. ಎದ್ದು ಹೋಗುತ್ತಾನೆ. ಅಕ್ಕತಂಗಿಯರಿಗೂ ಹೇಳದ ಸಂಗತಿ ಅದು. "ಇದು ನಮ್ಮಿಬ್ಬರಲ್ಲೇ ಇರ್ಲಿ" ಎಂದು ಕೊನೆಗೆ ಬರೆದಳು. "ಪ್ರಾಮಿಸ್ ಅಕ್ಕ" ಎಂದ ಚಿದಾನಂದ್.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಣ್ಣಿನ ಪೊರೆ ತೆಗೆದರು. ಕೆಲವು ವಾರ ಫೋನ್ ನೋಡಬಾರದು ಎಂದರು ಡಾಕ್ಟರು. ಹಿಂದಿನ ದಿನವೇ ಅವಳು ರುದ್ರಮ್ಮನನ್ನು ತವರಿಗೆ ಕಳಿಸಿ, ಎಮ್ಮೆಯನ್ನು ಪಕ್ಕದ ಮನೆಯ ಸೊಸೆ ಅಕ್ಕಯಮ್ಮನಿಗೆ ಒಪ್ಪಿಸಿ ಬಂದಳು. ಅಕ್ಕಯಮ್ಮನ ಪಾತ್ರ ತಿಲಕ್ ನಗರದ ದಿವ್ಯಳದು. "ಹಾಲಿಗೆ ನೀರು ಬೆರೆಸಿದ್ಯೋ, ನಿನ್ ಅತ್ತೆಗೆ ಹೇಳ್ತೀನಿ" ಎಂದಳು ರುದ್ರಮ್ಮ. "ಹೇಳಿ, ನೀರು ಬೆರೆಸೋದು ಕಲ್ಸಿದ್ದೇ ಅತ್ತೆ" ಎಂದಳು ಅಕ್ಕಯಮ್ಮ.

ಕಪ್ಪು ಕನ್ನಡಕ ಕಳಚಿದ ದಿನ ಮಧುಶ್ರೀ ಮೊದಲು ತೆರೆದದ್ದು ಮಾವಿನಕುಂಟೆಯನ್ನೇ. ಎಮ್ಮೆ ಹೇಗಿದೆಯೋ ಎಂದು ಹಿಂದಿನದನ್ನು ಓದುತ್ತಾ ಬಂದಳು. ನಡುವೆ ರುದ್ರಮ್ಮನ ಹೆಸರು ಕಂಡಿತು.

ಚಿದಾನಂದ್ ಬರೆದಿದ್ದ. ರುದ್ರಮ್ಮ ತವರಿನಿಂದ ಬಂದಳೆಂದು ತಿಳಿದು ಮೇಷ್ಟ್ರು ಒಂದು ಸಂಜೆ ಅವಳ ಮನೆಗೆ ಹೋಗುತ್ತಾರೆ. ಒಳಗಿನಿಂದ ಲೋಟ ಕುಟ್ಟುವ ಸದ್ದು. ಗಂಡ ಬದುಕಿದ್ದಷ್ಟು ಕಾಲ ಅವಳೊಂದಿಗೆ ಮಾತಾಡಿರಲಿಲ್ಲ. ಲೋಟ ಕುಟ್ಟಿದರೆ ಊಟಕ್ಕೆ ಬರುತ್ತಿದ್ದ. ಅವನು ಸತ್ತ ಮೇಲೂ ಅವಳು ಕುಟ್ಟುವುದನ್ನು ಬಿಟ್ಟಿಲ್ಲ. ಮೇಷ್ಟ್ರ ಮುಂದೆ ಕುಸಿದು ಕೂತು ಅವಳು ಅಳುತ್ತಾಳೆ. "ಅದಕ್ಕೇ ಮೇಷ್ಟ್ರೇ ನಾನು ಊರೋರ ಜೊತೆ ಇಷ್ಟು ಮಾತಾಡೋದು" ಎನ್ನುತ್ತಾಳೆ.

ಕೆಳಗೆ ಕಂಸದೊಳಗೆ ಎಲ್ಲರ ಮಾತು. ಗುರು, ಸಖತ್. ಕಣ್ಣಲ್ಲಿ ನೀರು ಬಂತು ಮಗಾ. ರುದ್ರಮ್ಮಂಗೆ ಈಗ ಜೀವ ಬಂತು. ಅದಕ್ಕೆ ಚಿದಾನಂದ್ ಉತ್ತರಿಸಿದ್ದ: ಇದು ಕಲ್ಪನೆ ಅಲ್ಲ, ನಿಜವಾಗಿ ಹಿಂಗೆ ಬದುಕೋರು ಇದಾರೆ, ನಂಗೆ ಗೊತ್ತು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಎದ್ದು ಆರಿಸಲಿಲ್ಲ. ಇನ್ನೆರಡು ಸಲ ಕೂಗಿದ ಮೇಲೆ ವೇಣು ಬಂದು ಆರಿಸಿ ಹೋದ.

ಮರುದಿನ ಬೆಳಗ್ಗೆ ಅವಳು ಚಿದಾನಂದನ ಅಂಗಡಿಗೆ ಹೋದಳು. ಅವನು ಯಾರದೋ ಆಧಾರ್ ಕಾರ್ಡನ್ನು ಗಾಜಿನ ಮೇಲಿಡುತ್ತಿದ್ದ.

"ಅಯ್ಯೋ, ಅಕ್ಕ, ಬನ್ನಿ. ಕಣ್ಣು ಹೆಂಗಿದೆ?"

"ಚೆನ್ನಾಗಿ ಕಾಣತ್ತೆ. ಓದ್ದೆ."

ಅವನು ಎರಡೂ ಬದಿ ಪ್ರತಿ ತೆಗೆದು, ಗಿರಾಕಿಯನ್ನು ಕಳಿಸಿ, ಸ್ಟೂಲ್ ಎಳೆದ. ಅವಳು ಕೂರಲಿಲ್ಲ.

"ಕಥೆ ನಿಂತೋಗಿತ್ತು ಅಕ್ಕ. ನೀವಿಲ್ದೆ ಊರು ಬಿಕೋ ಅಂತಿತ್ತು. ಹುಡುಗ್ರು ಒಬ್ಬೊಬ್ರೇ ಗುಂಪು ಬಿಡ್ತಾ ಇದ್ರು."

"ಅದಕ್ಕೆ ನನ್ನ ಮನೆ ಬೇಕಾಯ್ತಾ?"

"ನಿಮ್ ಹೆಸರು ಹೇಳಿಲ್ವಲ್ಲ. ರುದ್ರಮ್ಮಂಗೆ ತಾನೇ ಬರ್ದಿದ್ದು."

"ರುದ್ರಮ್ಮಂಗೆ ಗಂಡನ ಯೋಚ್ನೇನೇ ಇರ್ಲಿಲ್ಲ ಕಣೋ. ಬೆಳಗಾದ್ರೆ ಹೂವು, ಎಮ್ಮೆ, ಜಗಳ. ಅಷ್ಟೇ ಇತ್ತು ಅವಳಿಗೆ. ಬೇಕೂಂತಲೇ ನಾನು ಅಷ್ಟೇ ಕೊಟ್ಟಿದ್ದು. ಆ ಲೋಟದ ಸದ್ದು ಕೇಳ್ದೇ ಇರೋ ಜಾಗ ನಂಗೆ ಅದೊಂದೇ ಇತ್ತು."

ಚಿದಾನಂದ್ ಕತ್ತರಿಸಿದ ಕಾಗದದ ಚೂರುಗಳನ್ನು ಕೈಯಿಂದ ಒಟ್ಟುಮಾಡಿದ. "ನಾನು ಬರೆದಿದ್ರಲ್ಲಿ ಎಲ್ರಿಗೂ ಅದೇ ತುಂಬಾ ಇಷ್ಟ ಆಗಿದ್ದು, ಅಕ್ಕ" ಎಂದ. ಹೇಳಿದ ಮೇಲೆ ಅವನ ಮುಖ ಕೆಂಪಾಯಿತು.

"ನಾನು ಬರೆದಿದ್ರಲ್ಲಿ, ಅಂತೀಯಾ" ಎಂದಳು ಮಧುಶ್ರೀ.

ಹೊರಗೆ ಒಬ್ಬಳು ಸ್ಕೂಟರ್ ನಿಲ್ಲಿಸಿ, "ಅಣ್ಣ, ಕಲರ್ ಪ್ರಿಂಟ್ ಬರತ್ತಾ?" ಎಂದು ಕೇಳಿದಳು. ಅವನು ಬರತ್ತೆ ಎಂದ. ಮಧುಶ್ರೀ ಮೆಟ್ಟಿಲಿಳಿದಳು.

ಗುಂಪನ್ನು ಶುರುಮಾಡಿದವನು ಸುಭಾಷ್. ಅವಳು ಅವನಿಗೆ ಎರಡೇ ಸಾಲು ಬರೆದಳು: ರುದ್ರಮ್ಮ ನನ್ನ ಪಾತ್ರ, ನಾನಿನ್ನೂ ಅವಳನ್ನು ಕರೆತಂದಿಲ್ಲ. ಸುಭಾಷ್ ನ್ಯಾಯವಾಗಿಯೇ ನಡೆದುಕೊಂಡ. ಚಿದಾನಂದ್ ಬರೆದದ್ದನ್ನೂ ಅದರ ಕೆಳಗಿನ ಮಾತುಗಳನ್ನೂ ಅಳಿಸಿ, ಕಂಸದೊಳಗೆ ಬರೆದ: (ಅಪ್ಪಣೆಯಿಲ್ಲದೆ ಬರೆದದ್ದರಿಂದ ಆ ಸಂಜೆ ಮಾವಿನಕುಂಟೆಯಲ್ಲಿ ನಡೆದೇ ಇಲ್ಲ. ಯಾರೂ ಅದನ್ನು ಕಥೆಯೊಳಗೆ ತರಬೇಡಿ.) ಎಲ್ಲರೂ ಒಪ್ಪಿದರು. ಚಿದಾನಂದನೂ ಒಪ್ಪಿಗೆಯ ಹೆಬ್ಬೆರಳಿನ ಚಿಹ್ನೆ ಹಾಕಿದ. ಸ್ವಲ್ಪ ಹೊತ್ತಿಗೆ ದಿವ್ಯಳಿಂದ ಬೇರೆಯಾಗಿ ಒಂದು ಸಂದೇಶ ಬಂತು: "ಆಂಟಿ, ನೀವು ಹುಷಾರಾ? ಏನಾದ್ರೂ ಮಾತಾಡ್ಬೇಕು ಅನ್ಸಿದ್ರೆ ನಾನಿದೀನಿ." ಆ ಲೋಟ ಯಾರ ಮನೆಯದೆಂದು ದಿವ್ಯ ಊಹಿಸಿದ್ದಾಳೆ ಎಂದು ಮಧುಶ್ರೀಗೆ ತಿಳಿಯಿತು. ಅವಳಿಗೆ ಬೇಕಾಗಿದ್ದದ್ದು ಆಂಟಿಯ ಯೋಗಕ್ಷೇಮ ಕೇಳುವ ದಿವ್ಯ ಅಲ್ಲ, ರುದ್ರಮ್ಮನಿಗೆ ತಿರುಗಿ ಬೈಯುವ ಅಕ್ಕಯಮ್ಮ.

ಭಾನುವಾರ ತಲೆಗೆ ನೀರು ಹಾಕಿಕೊಂಡು, ಬಿಸಿಲು ಬೀಳುವ ಕಿಟಕಿಯ ಬಳಿ ಕುಳಿತು, ಅವಳು ರುದ್ರಮ್ಮನನ್ನು ತವರಿನಿಂದ ಹೊರಡಿಸಿದಳು. ಅವಸರ ಮಾಡಲಿಲ್ಲ. ಬಸ್ಸಿನಿಂದ ಇಳಿಸಿ, ಹುಣಸೆಮರದ ಕೆಳಗೆ ಸುಧಾರಿಸಿಕೊಳ್ಳಲು ಬಿಟ್ಟು, ಹೊಲದ ಬದುವಿನ ಮೇಲೆ ನಡೆಸಿದಳು. ನೀರಿಲ್ಲದೆ ಬಾಡಿದ ಗಿಡಗಳನ್ನು ರುದ್ರಮ್ಮ ಒಂದೊಂದಾಗಿ ಮುಟ್ಟಿ ನೋಡಿದಳು. ಬಿಂದಿಗೆ ತೆಗೆದುಕೊಂಡು ಬಾವಿಕಟ್ಟೆಗೆ ಬಂದಳು. ಅಲ್ಲಿ ನಾಲ್ಕೈದು ಜನರಿದ್ದರು.

"ಏನೇ ಅಕ್ಕಯಮ್ಮ, ನನ್ನ ಎಮ್ಮೇನ ಒಣಗಿಸಿಟ್ಟಿದೀಯ. ಅದರ ಮೇವೂ ನೀನೇ ತಿಂದ್ಯಾ? ಮೈಕೈ ತುಂಬ್ಕೊಂಡಿದೀಯಲ್ಲ" ಎಂದಳು ರುದ್ರಮ್ಮ.

ಮಧುಶ್ರೀ ಕಾದಳು. ಇಂಥದಕ್ಕೆ ದಿವ್ಯ ಒಂದಕ್ಕೆ ನಾಲ್ಕು ಕೊಡುವವಳು. ಅವಳು ಬರೆಯುತ್ತಿದ್ದಾಳೆ ಎಂಬ ಗುರುತು ಪರದೆಯಲ್ಲಿ ಮೂಡಿತು, ಹೋಯಿತು, ಮತ್ತೆ ಮೂಡಿತು.

ಅಕ್ಕಯಮ್ಮ ತಲೆ ತಗ್ಗಿಸಿ ನಕ್ಕಳು ಎಂದು ಬಂತು. "ಬಿಡಿ ಅಮ್ಮ, ದಣಿದು ಬಂದಿದೀರಿ. ನೀವು ಕೂತ್ಕೊಳಿ, ನೀರು ನಾನು ಸೇದ್ಕೊಡ್ತೀನಿ."

ಇನ್ನೊಬ್ಬರು ರುದ್ರಮ್ಮನಿಗೆ ಕಟ್ಟೆಯ ಮೇಲೆ ಜಾಗ ಬಿಟ್ಟರು. ದಿನವೂ ಅವಳೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದ ಕುರಿ ಕಾಯುವವನು ಕುರಿಗಳನ್ನು ಅವಳ ಹೊಲದ ಕಡೆಗೆ ಬಿಡದೆ ಸುತ್ತು ಹಾಕಿಕೊಂಡು ಹೋದ. ಯಾರೂ ಕಟ್ಟುಪಾಡು ಮೀರಲಿಲ್ಲ. ನಡೆಯದ ಆ ಸಂಜೆಯ ಮಾತು ಒಂದೂ ಬರಲಿಲ್ಲ.

ಅವಳು ಇನ್ನೊಮ್ಮೆ ಪ್ರಯತ್ನಿಸಿದಳು. "ಯಾಕ್ರೋ, ಎಲ್ರ ಬಾಯಿಗೂ ಹೂವಿನ ನಾರು ಸುತ್ತಿದಾರಾ?" ಎಂದಳು ರುದ್ರಮ್ಮ.

ಅಕ್ಕಯಮ್ಮ ಹಗ್ಗವನ್ನು ಮೆಲ್ಲಗೆ ಬಾವಿಗೆ ಇಳಿಬಿಟ್ಟಳು ಎಂದಷ್ಟೇ ಬಂತು.

ಮಧುಶ್ರೀ ಬರೆದಳು: ರುದ್ರಮ್ಮ ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಯಾರ ಕಡೆಗೂ ನೋಡದೆ, ಬಂದ ದಾರಿಯಲ್ಲೇ ಮನೆಗೆ ಹೋದಳು.